ಕಲ್ಚರ್‌ನಲ್ಲಿ ಏನೂ ಇಲ್ಲ, ಉರಿ ಮಾತ್ರ ಬಿಟ್ಟಿಲ್ಲ: ಮೂತ್ರಕೋಶದ ನೋವಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ವಯಸ್ಸು 34. ಬಹಳ ದಿನದಿಂದ ಕಿಬ್ಬೊಟ್ಟೆ ನೋವು. ಮೂತ್ರ ತುಂಬುತ್ತಾ ಬಂದಂತೆ ನೋವು ಏರುತ್ತದೆ, ಹೋಗಿ ಬಂದರೆ ಸ್ವಲ್ಪ ಹೊತ್ತು ಆರಾಮ. ಮೂರು ಸಲ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿದರೂ ಏನೂ ಬೆಳೆದಿಲ್ಲ. ಆದರೂ ಪ್ರತಿ ಸಲ ಆ್ಯಂಟಿಬಯೋಟಿಕ್ ಬರೆದುಕೊಡುತ್ತಾರೆ. ಇದು ಯಾವ ಕಾಯಿಲೆ? (ದಾವಣಗೆರೆಯ ಓದುಗರು)

ಉತ್ತರ: ತುಂಬಿದಾಗ ನೋವು, ಖಾಲಿಯಾದಾಗ ಬಿಡುವು ಎಂದಿರಲ್ಲ, ಸುಳಿವು ಅದರಲ್ಲೇ ಇದೆ. ಸೋಂಕಿಲ್ಲದೆ ಆರು ವಾರಕ್ಕಿಂತ ಹೆಚ್ಚು ಕಾಲ ಹೀಗಿದ್ದರೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್, ಅಂದರೆ ಬ್ಲ್ಯಾಡರ್ ಪೇನ್ ಸಿಂಡ್ರೋಮ್, ಎಂದು ಅನುಮಾನಿಸಬೇಕು. ಬ್ಯಾಕ್ಟೀರಿಯಾ ಇಲ್ಲದ ಕಡೆ ಆ್ಯಂಟಿಬಯೋಟಿಕ್‌ಗೆ ಕೆಲಸವಿಲ್ಲ. ಕೋರ್ಸ್ ಮೇಲೆ ಕೋರ್ಸ್ ನುಂಗಿದರೆ ಹೊಟ್ಟೆ ಕೆಡುತ್ತದೆ, ಬಿಳಿಮುಟ್ಟಿನ ತುರಿಕೆ ಶುರುವಾಗುತ್ತದೆ, ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಆದರೆ ಆ ಕಲ್ಚರ್ ವರದಿಯನ್ನು ನಂಬಬೇಕಾದರೆ ಮಾದರಿ ಸರಿಯಿರಬೇಕು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ, ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ. ಹೊರಗೇ ಇಟ್ಟರೆ ಇಲ್ಲದ ಸೋಂಕು ಕಾಣಿಸುತ್ತದೆ. ಮಾತ್ರೆ ನುಂಗಿದ ಮೇಲೆ ಕೊಟ್ಟರೆ ಇರುವ ಸೋಂಕೂ ಮರೆಯಾಗುತ್ತದೆ.

ಕಲ್ಚರ್ ಶುದ್ಧ, ಆದರೆ ಮೂತ್ರದಲ್ಲಿ ಕೀವುಕಣ ಇದೆ ಎಂದು ಬಂದರೆ ನಮ್ಮ ದೇಶದಲ್ಲಿ ಮೊದಲು ಕ್ಷಯವನ್ನು ನೆನೆಯಬೇಕು. ಅದಕ್ಕೆ ಬೇರೆಯೇ ಪರೀಕ್ಷೆ: ಬೆಳಗಿನ ಮೊದಲ ಮೂತ್ರವನ್ನು ಮೂರು ದಿನ ಕೊಡಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಅದರಲ್ಲೂ ಬೀಡಿ-ಸಿಗರೇಟು ಸೇದುವವರಾದರೆ, ಸಿಸ್ಟೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ಮೂತ್ರಕೋಶದ ಒಳಗನ್ನು ನೋಡುವ ತಪಾಸಣೆ) ತಪ್ಪಿಸಬೇಡಿ. ಮೂತ್ರಕೋಶದ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರಬಹುದು. ಆ ತಪಾಸಣೆಯಲ್ಲಿ ಹನ್ನರ್ ಗಾಯ ಎಂಬ ಕೆಂಪು ಮಚ್ಚೆ ಸಿಕ್ಕರೆ ಒಂದು ಲೆಕ್ಕದಲ್ಲಿ ಅದೃಷ್ಟವೇ. ಅದನ್ನು ಸುಟ್ಟರೆ ಅಥವಾ ಅಲ್ಲಿಗೇ ಸ್ಟೀರಾಯ್ಡ್ ಚುಚ್ಚಿದರೆ ಹಲವರಿಗೆ ತಿಂಗಳುಗಟ್ಟಲೆ ನೆಮ್ಮದಿ. ಮತ್ತೆ ಬಂದರೆ ಮತ್ತೆ ಮಾಡಬಹುದು.

ಪ್ರಶ್ನೆ: ಹುಳಿ, ಖಾರ, ಕಾಫಿ ಎಲ್ಲ ಬಿಡಿ ಎಂದಿದ್ದಾರೆ. ಹಾಗಾದರೆ ಉಣ್ಣುವುದೇನು? ಜನ್ಮವಿಡೀ ಪಥ್ಯವೇ? (ಹಾಸನ)

ಉತ್ತರ: ಜನ್ಮವಿಡೀ ಬೇಡ. ಪಥ್ಯ ಮಾಡುವುದು ನಿಮ್ಮ ಶತ್ರು ಯಾವುದೆಂದು ಪತ್ತೆಹಚ್ಚಲು, ಅಷ್ಟೆ.

ಮೂರರಿಂದ ನಾಲ್ಕು ವಾರ ಇವನ್ನು ಪೂರ್ತಿ ನಿಲ್ಲಿಸಿ: ಕಾಫಿ, ಟೀ, ಕೋಲಾ, ಮದ್ಯ, ಟೊಮ್ಯಾಟೊ, ಹುಣಸೆ, ನಿಂಬೆ-ಕಿತ್ತಳೆ-ಮೂಸಂಬಿ, ಹಸಿಮೆಣಸು, ಉಪ್ಪಿನಕಾಯಿ, ವಿನೆಗರ್ ಹಾಕಿದ ಸಾಸ್, ಕೃತಕ ಸಿಹಿ. ವಿಟಮಿನ್ ಸಿ ಮಾತ್ರೆಯೂ ಈ ಪಟ್ಟಿಗೇ ಸೇರಿದ್ದು. ಅನೇಕರು ಅದನ್ನು ಮರೆಯುತ್ತಾರೆ. ಉಣ್ಣಲು ತೊವ್ವೆ, ಮುದ್ದೆ, ಅನ್ನ, ಗಂಜಿ, ಸೋರೆ-ಹೀರೆ-ಪಡವಲದ ಪಲ್ಯ, ಹಾಲು, ಇಂಗು-ಜೀರಿಗೆ ಒಗ್ಗರಣೆ. ಸಾರಿಲ್ಲದ ಊಟ ಮೊದಲ ವಾರ ಸಪ್ಪೆ ಎನಿಸುವುದು ಸಹಜ.

ಆಮೇಲೆ ಒಂದೊಂದಾಗಿ ಮರಳಿ ತನ್ನಿ. ಒಂದು ಪದಾರ್ಥ, ಸ್ವಲ್ಪ ಪ್ರಮಾಣ, ಮೂರು ದಿನ. ನೋವು ಕೆರಳಿದರೆ ಅದು ನಿಮ್ಮ ಊಟದಿಂದ ಹೊರಗೆ. ಹೆಚ್ಚಿನವರು ಎಡವುವುದು ಇಲ್ಲೇ: ಹಬ್ಬದ ದಿನ ಪುಳಿಯೋಗರೆ, ಕೋಸಂಬರಿ, ಕಾಫಿ ಒಟ್ಟಿಗೆ ಸೇವಿಸಿ, ಕೆರಳಿಸಿದ್ದು ಯಾವುದೆಂದು ತಿಳಿಯದೆ ಎಲ್ಲವನ್ನೂ ಮತ್ತೆ ಬಿಡುತ್ತಾರೆ. ತಿಂದದ್ದು, ನೋವು ಹತ್ತರಲ್ಲಿ ಎಷ್ಟು, ಎಷ್ಟು ಸಲ ಹೋದಿರಿ ಎಂಬುದನ್ನು ಬರೆದಿಡಿ. ವಾರದಲ್ಲಿ ಮೂರು ದಿನವಾದರೂ ಮೂತ್ರವನ್ನು ಅಳತೆಯ ಲೋಟದಲ್ಲಿ ಹಿಡಿದು ಮಿಲಿಲೀಟರ್ ಗುರುತು ಹಾಕಿ. ವೈದ್ಯರಿಗೆ ನಿಮ್ಮ ಮಾತಿಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ.

ಪದೇಪದೇ ಹೋಗಬೇಕಾಗುತ್ತದೆಂದು ನೀರು ಕಡಿಮೆ ಮಾಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಉರಿ ಜಾಸ್ತಿ. ಬಣ್ಣ ತೆಳು ಹಳದಿ ಇರುವಷ್ಟು ನೀರನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ.

ಪ್ರಶ್ನೆ: ನೆಗ್ಗಿಲುಮುಳ್ಳಿನ ಕಷಾಯ, ಬಾರ್ಲಿ ನೀರು, ಅಡುಗೆ ಸೋಡಾ, ಕ್ರ್ಯಾನ್‌ಬೆರಿ ರಸ: ಇವುಗಳಲ್ಲಿ ಯಾವುದು ಒಳ್ಳೆಯದು? (ಕುಂದಾಪುರ)

ಉತ್ತರ: ಕ್ರ್ಯಾನ್‌ಬೆರಿ ಬೇಡ. ಅದರ ಹೆಸರು ಕೇಳಿಬರುವುದು ಸೋಂಕು ಮರುಕಳಿಸುವುದನ್ನು ತಡೆಯಲು. ಈ ಕಾಯಿಲೆಯಲ್ಲಿ ಅದರ ಹುಳಿಯೇ ಉರಿ ಎಬ್ಬಿಸುತ್ತದೆ.

ಬಾರ್ಲಿ ನೀರು ಸೌಮ್ಯ. ಎರಡು ದೊಡ್ಡ ಚಮಚ ಬಾರ್ಲಿಯನ್ನು ಒಂದು ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸಿ ಸೋಸಿ, ನಿಂಬೆ ಹಿಂಡಬೇಡಿ. ಇದು ಮದ್ದಲ್ಲ, ಮೂತ್ರವನ್ನು ತೆಳ್ಳಗಾಗಿಸುವ ರುಚಿಯಾದ ದಾರಿ.

ಅಡುಗೆ ಸೋಡಾ ಅರ್ಧ ಟೀ ಚಮಚವನ್ನು ಒಂದು ಲೋಟ ನೀರಿಗೆ ಹಾಕಿ ಅಪರೂಪಕ್ಕೊಮ್ಮೆ ಕುಡಿದರೆ ಕೆಲವರಿಗೆ ಉರಿ ತಗ್ಗುತ್ತದೆ. ಆದರೆ ಅಷ್ಟರಲ್ಲೇ 600 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ, ಗರ್ಭಿಣಿಯರಿಗೆ ಸಲ್ಲದು. ಹೊಟ್ಟೆ ಬಿರಿಯ ಉಂಡ ಮೇಲಂತೂ ಯಾರೂ ಕುಡಿಯಬಾರದು.

ನೆಗ್ಗಿಲು ಮೂತ್ರ ಹೆಚ್ಚಿಸುತ್ತದೆ ಎಂಬುದು ಹಳೆಯ ಬಳಕೆ. ಈ ನೋವನ್ನು ಅದು ತಗ್ಗಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಮೊದಲೇ ಗಂಟೆಗೊಮ್ಮೆ ಓಡುವವರಿಗೆ ಮೂತ್ರ ಹೆಚ್ಚಿಸುವ ಕಷಾಯ ಎಷ್ಟು ಹಿತ, ನೀವೇ ಯೋಚಿಸಿ. ಹಳ್ಳಿಮದ್ದಿನ ಭಸ್ಮ, ಹೆಸರಿಲ್ಲದ ಪುಡಿಗಳಲ್ಲಿ ಸೀಸದ ಅಂಶ ಸಿಕ್ಕ ಪ್ರಕರಣಗಳಿವೆ. ಪೊಟ್ಟಣದ ಮೇಲೆ ಏನಿದೆ ಎಂದು ಬರೆಯದಿದ್ದರೆ ಮುಟ್ಟಬೇಡಿ.

ಪ್ರಶ್ನೆ: ಅಮಿಟ್ರಿಪ್ಟಿಲಿನ್ ಬರೆದಿದ್ದಾರೆ, ಅದು ಮನೋರೋಗದ ಮಾತ್ರೆಯಂತೆ. ಪೆಂಟೋಸಾನ್ ಎಂಬ ಔಷಧವೂ ಇದೆ. ನನಗೆ ಯಾವುದು? (ಮೈಸೂರು)

ಉತ್ತರ: ಅಮಿಟ್ರಿಪ್ಟಿಲಿನ್ ಅನ್ನು ಇಲ್ಲಿ ನೋವಿನ ನರಗಳ ಕೆರಳಿಕೆ ತಗ್ಗಿಸಲು ಕೊಡುತ್ತಾರೆ. 10 ಮಿಲಿಗ್ರಾಂನಿಂದ ಆರಂಭಿಸಿ ನಿಧಾನಕ್ಕೆ ಏರಿಸುವುದು ಪದ್ಧತಿ. ಮಲಗುವ ಹೊತ್ತಿಗೆ ನುಂಗಿದರೆ ಬೆಳಗ್ಗೆ ಮಂಪರು ಉಳಿಯಬಹುದು, ಅದಕ್ಕೆ ರಾತ್ರಿ ಊಟದ ಹೊತ್ತಿಗೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ. ಮಲಬದ್ಧತೆ ಮೂತ್ರಕೋಶವನ್ನು ಇನ್ನಷ್ಟು ಕೆಣಕುವುದರಿಂದ ಇಸಬ್ಗೋಲ್ ಜೊತೆಗಿರಲಿ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ), ಹೃದಯದ ಲಯದ ದೋಷ ಇದ್ದರೆ ಮೊದಲೇ ತಿಳಿಸಿ. ತಟ್ಟನೆ ನಿಲ್ಲಿಸಬಾರದು.

ಪೆಂಟೋಸಾನ್ 100 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಪರಿಣಾಮ ಗೊತ್ತಾಗಲು ಮೂರರಿಂದ ಆರು ತಿಂಗಳು ಬೇಕು. ದೀರ್ಘಕಾಲ ನುಂಗಿದ ಕೆಲವರಲ್ಲಿ ಕಣ್ಣಿನ ರೆಟಿನಾ ಕೆಟ್ಟಿದ್ದರಿಂದ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದರ ಮೇಲೆ ಎಚ್ಚರಿಕೆ ಸೇರಿಸಿದರು. ಶುರುಮಾಡುವಾಗಲೂ ಆಗಾಗ್ಗೆಯೂ ಕಣ್ಣು ತೋರಿಸಿ. ಓದುವಾಗ ಅಕ್ಷರ ಮಸುಕಾದರೆ, ಕತ್ತಲಿಗೆ ಕಣ್ಣು ಹೊಂದಿಕೊಳ್ಳದಿದ್ದರೆ ಕಾಯಬೇಡಿ. ಇದು ರಕ್ತವನ್ನೂ ತುಸು ತೆಳುವಾಗಿಸುತ್ತದೆ. ಆಸ್ಪಿರಿನ್ ನುಂಗುವವರು ಹೇಳಲೇಬೇಕು.

ಮಾತ್ರೆ ಸಾಲದಿದ್ದರೆ ಸಣ್ಣ ಕ್ಯಾತಿಟರ್ (ನಳಿಕೆ) ಮೂಲಕ ಹೆಪಾರಿನ್, ಮರಗಟ್ಟಿಸುವ ಔಷಧ ಲಿಗ್ನೋಕೇನ್, ಬೈಕಾರ್ಬನೇಟ್ ಬೆರೆಸಿ ಮೂತ್ರಕೋಶಕ್ಕೇ ತುಂಬಿಸುತ್ತಾರೆ. ಬೈಕಾರ್ಬನೇಟ್ ಸೇರಿದರೇ ಲಿಗ್ನೋಕೇನ್ ಗೋಡೆಯೊಳಕ್ಕೆ ಇಳಿಯುವುದು. ಡಿಎಂಎಸ್‌ಒ ಎಂಬ ದ್ರವ ಔಷಧ ತುಂಬಿಸಿದರೆ ಒಂದೆರಡು ದಿನ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ, ಹೆದರಬೇಡಿ.

ಪ್ರಶ್ನೆ: ಕೆಗೆಲ್ ವ್ಯಾಯಾಮ (ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಮಾಡಿದ ಮೇಲೆ ನೋವು ಹೆಚ್ಚಾಯಿತು. ಏಕೆ? (ಬೆಂಗಳೂರು)

ಉತ್ತರ: ನಿಲ್ಲಿಸಿ. ಈ ನೋವಿನಲ್ಲಿ ಶ್ರೋಣಿಯ (ಸೊಂಟದ ಗೂಡಿನ) ತಳದ ಸ್ನಾಯುಗಳು ಅನೇಕರಲ್ಲಿ ಮೊದಲೇ ಬಿಗಿದುಕೊಂಡಿರುತ್ತವೆ. ಕೆಗೆಲ್ ಇನ್ನೂ ಬಿಗಿಸುತ್ತದೆ. ಬೇಕಿರುವುದು ಸಡಿಲಿಕೆ. ಅಂಗಾತ ಮಲಗಿ ಮೊಣಕಾಲು ಮಡಚಿ, ಹೊಟ್ಟೆ ಉಬ್ಬುವಂತೆ ನಿಧಾನಕ್ಕೆ ಉಸಿರೆಳೆಯಿರಿ, ಕೆಳಭಾಗ ಇಳಿದಂತೆ ಅನಿಸಬೇಕು. ಐದು ನಿಮಿಷ, ದಿನಕ್ಕೆರಡು ಸಲ. ಬಾಲಾಸನ ಒಳ್ಳೆಯದು. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ 15 ನಿಮಿಷ ಇಡಿ, ಅದರೊಂದಿಗೆ ನಿದ್ದೆ ಹೋಗಬೇಡಿ. ಒಳಗಿನ ಸ್ನಾಯುಗಳ ಬಿಗಿಗಂಟುಗಳನ್ನು ಕೈಯಿಂದ ಬಿಡಿಸುವ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಸಿಕ್ಕರೆ ಮಾತ್ರೆಗಿಂತ ಮೊದಲು ಅವರ ಬಳಿಗೇ ಹೋಗಿ ಎನ್ನುವೆವು.

ಪ್ರಶ್ನೆ: ಗಂಡಸರಿಗೂ ಬರುತ್ತದೆಯೇ? (ಕಲಬುರಗಿ)

ಉತ್ತರ: ಬರುತ್ತದೆ. ಪ್ರಾಸ್ಟೇಟ್ ಊತ ಎಂದುಕೊಂಡು ವರ್ಷಗಟ್ಟಲೆ ಅದಕ್ಕೇ ಮದ್ದು ಮಾಡಿಸುವವರಿದ್ದಾರೆ. ನೋವು ಮೂತ್ರ ತುಂಬಿದಂತೆ ಏರುತ್ತದೆಯೇ ಎಂದು ಗಮನಿಸಿ, ಯೂರಾಲಜಿಸ್ಟ್‌ಗೆ ಅದನ್ನೇ ಮೊದಲು ಹೇಳಿ.