ದಕ್ಷಿಣ ಅಮೆರಿಕದ ಉಬ್ಬು ನಕ್ಷೆ: ಮೊದಲು ನದಿ ಎಳೆಯಿರಿ, ಆಮೇಲೆ ಬೆಟ್ಟ ಕಟ್ಟಿ

ಸರ್, ನಿಮ್ಮ ಫೋಟೊ ನೋಡಿದೆ. ಮೂರೂವರೆ ಅಡಿ ಪ್ಲೈವುಡ್ ಮೇಲೆ ಕಾಗದದ ಮುದ್ದೆಯಲ್ಲಿ ದಕ್ಷಿಣ ಅಮೆರಿಕ ಮಾಡುತ್ತಿದ್ದೀರಿ. ಪಶ್ಚಿಮಕ್ಕೆ ಆಂಡಿಸ್ ಬೆಟ್ಟಸಾಲು ಕೂರಿಸಿದ್ದಾಯಿತು, ಉಳಿದ ಕಡೆ ಏನು ತೋರಿಸಬೇಕು, ಎಷ್ಟೆತ್ತರ ಕೊಡಬೇಕು ಎಂದು ಕೇಳಿದ್ದೀರಿ. ಕರಾವಳಿಯ ಗೆರೆ ತುಂಬಾ ಚೆನ್ನಾಗಿ ಬಂದಿದೆ. ಮುದ್ದೆ ಇನ್ನೂ ಹಸಿಯಾಗಿದೆ ಎಂದಿದ್ದೀರಿ, ಒಳ್ಳೆಯದೇ ಆಯಿತು. ಆಂಡಿಸ್ ಸ್ವಲ್ಪ ಬಿಚ್ಚಬೇಕಾಗುತ್ತದೆ.

ಮೊದಲು ಅಳತೆ ನೋಡೋಣ. ಈ ಖಂಡ ಉತ್ತರದ ತುದಿಯಿಂದ ಕೇಪ್ ಹಾರ್ನ್‌ವರೆಗೆ ಸುಮಾರು 7,500 ಕಿ.ಮೀ. ಉದ್ದ. ನಿಮ್ಮ ಹಲಗೆಯಲ್ಲಿ ಅದು ಒಂದು ಮೀಟರ್. ಅಂದರೆ 1 ಮಿ.ಮೀ.ಗೆ ಏಳೂವರೆ ಕಿ.ಮೀ. ಇದೇ ಅಳತೆ ಎತ್ತರಕ್ಕೂ ಇಟ್ಟರೆ 6,961 ಮೀಟರ್‌ನ ಅಕಾಂಕಾಗುವಾ ಶಿಖರ ಒಂದು ಮಿ.ಮೀ. ಕೂಡ ಬರುವುದಿಲ್ಲ! ಹಾಗಾಗಿ ಎತ್ತರವನ್ನು 20 ಪಟ್ಟು ಹಿಗ್ಗಿಸಿ. ಆಗ 1 ಮಿ.ಮೀ.ಗೆ 375 ಮೀಟರ್, ಅಕಾಂಕಾಗುವಾ ಹದಿನೆಂಟೂವರೆ ಮಿ.ಮೀ. ಆಗುತ್ತದೆ. ಫೋಟೊದಲ್ಲಿ ನಿಮ್ಮ ಬೆಟ್ಟ ಮೂರು ಬೆರಳು ಎತ್ತರ ಇದೆ. ಅಷ್ಟು ಬೇಡ, ಉಳಿದದ್ದೆಲ್ಲ ಅದರ ಮುಂದೆ ಸತ್ತು ಹೋಗುತ್ತದೆ.

ಈಗ ನನ್ನ ಮುಖ್ಯ ಸಲಹೆ. ಮುದ್ದೆ ಮುಟ್ಟುವ ಮೊದಲು ಪೆನ್ಸಿಲ್‌ನಲ್ಲಿ ನದಿಗಳನ್ನೆಲ್ಲ ಎಳೆದುಬಿಡಿ. ನೀರು ಏರು ಹತ್ತುವುದಿಲ್ಲ ಅಲ್ವಾ? ನದಿ ಸರಿಯಾಗಿ ಕೂತರೆ ಎಲ್ಲಿ ಎತ್ತರ, ಎಲ್ಲಿ ತಗ್ಗು ಅಂತ ಅದೇ ಹೇಳುತ್ತದೆ. ನಾನು ಇದೇ ಖಂಡವನ್ನು ಮೊದಲ ಸಲ ಮಾಡಿದಾಗ ಬ್ರೆಜಿಲ್‌ನ ಎತ್ತರದ ನಾಡನ್ನು ಒಳಗಡೆ ಎತ್ತರ, ಸಮುದ್ರದ ಕಡೆ ಇಳಿಜಾರು ಮಾಡಿದ್ದೆ. ನೋಡಲು ಸಹಜವಾಗಿಯೇ ಇತ್ತು. ಆಮೇಲೆ ಟಿಯೆಟೆ ನದಿ ಎಳೆಯಲು ಕೂತೆ. ಅದು ಸಾವೊ ಪಾಲೊ ರಾಜ್ಯದಲ್ಲಿ ಅಟ್ಲಾಂಟಿಕ್‌ನಿಂದ ಬರೀ 22 ಕಿ.ಮೀ. ದೂರದಲ್ಲಿ ಹುಟ್ಟುತ್ತದೆ. ಆದರೆ ಸಮುದ್ರಕ್ಕೆ ಬೆನ್ನು ಹಾಕಿ ಸಾವಿರಕ್ಕೂ ಜಾಸ್ತಿ ಕಿ.ಮೀ. ಒಳನಾಡಿಗೆ ಹರಿದು ಪರಾನಾ ನದಿ ಸೇರುತ್ತದೆ. ನನ್ನ ನಕ್ಷೆಯಲ್ಲಿ ಅದು ಬೆಟ್ಟ ಹತ್ತಬೇಕಾಗಿತ್ತು. ಇಡೀ ಭಾಗ ಕಿತ್ತು ಮತ್ತೆ ಕಟ್ಟಿದೆ.

ಹಾಗಾಗಿ ಅಲ್ಲಿ ಎತ್ತರದ ಅಂಚು ಸಮುದ್ರದ ಪಕ್ಕದಲ್ಲೇ ಇರಲಿ. ಆ ಘಟ್ಟದ ಹೆಸರು ಸೆರಾ ದು ಮಾರ್. ಸಮುದ್ರದ ಕಡೆ ಕಡಿದಾಗಿ ಕತ್ತರಿಸಿ, ಒಳಗಡೆ ನಿಧಾನಕ್ಕೆ ಇಳಿಸಿ. ಹೆಚ್ಚಿನ ಕಡೆ ಎರಡು, ಎರಡೂವರೆ ಮಿ.ಮೀ. ಸಾಕು.

ಆಂಡಿಸ್ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ಒಂದೇ ಗೋಡೆ ಥರ ಮಾಡಿದ್ದೀರಿ. ಚಿಲಿ, ಅರ್ಜೆಂಟೀನಾ ಗಡಿಯಲ್ಲಿ ಅದು ಬಹುಮಟ್ಟಿಗೆ ಸರಿ. ಆದರೆ ಬೊಲಿವಿಯಾ ಹತ್ತಿರ ಬೆಟ್ಟಸಾಲು ಎರಡಾಗಿ ಸೀಳುತ್ತದೆ. ಅಲ್ಲಿ ಒಟ್ಟು ಅಗಲ ಸುಮಾರು 700 ಕಿ.ಮೀ., ನಿಮ್ಮ ಹಲಗೆಯಲ್ಲಿ ಒಂಬತ್ತು ಸೆಂ.ಮೀ. ಹೆಚ್ಚುಕಮ್ಮಿ. ಎರಡು ಸಾಲಿನ ನಡುವೆ ಆಲ್ಟಿಪ್ಲಾನೊ ಪ್ರಸ್ಥಭೂಮಿ. ಅದರ ಮೇಲಿನ ಟಿಟಿಕಾಕಾ ಸರೋವರ ಇರುವುದು 3,812 ಮೀಟರ್ ಎತ್ತರದಲ್ಲಿ, ನಿಮಗೆ 10 ಮಿ.ಮೀ. ಅಲ್ಲಿಯ ನೀರು ಯಾವ ಸಮುದ್ರಕ್ಕೂ ಹೋಗುವುದಿಲ್ಲ. ತಗ್ಗಿನಲ್ಲಿ ನಿಂತು ಬಿಸಿಲಿಗೆ ಆವಿಯಾಗುತ್ತದೆ. ಹಾಗೆ ಕೆರೆಗಳು ಒಣಗಿ ಉಳಿದ ಉಪ್ಪೇ ಉಯುನಿಯ ಉಪ್ಪಿನ ಬಯಲು, 10,000 ಚದರ ಕಿ.ಮೀ.ಗೂ ದೊಡ್ಡದು. ಆದ್ದರಿಂದ ಆಲ್ಟಿಪ್ಲಾನೊವನ್ನು ಮೇಜಿನ ಥರ ಮಾಡಬೇಡಿ. ಸುತ್ತ ಅಂಚಿರುವ ತಟ್ಟೆಯ ಥರ ಇರಬೇಕು. ಚಮಚದ ಹಿಂಭಾಗವನ್ನು ಒದ್ದೆ ಮಾಡಿ ಒತ್ತಿದರೆ ಸರಿಯಾಗಿ ಬರುತ್ತದೆ. ಉಪ್ಪಿನ ಬಯಲಿಗೆ ವಾಲ್ ಪುಟ್ಟಿ ತೆಳ್ಳಗೆ ಎಳೆಯಿರಿ, ಬಣ್ಣವೇ ಬೇಡ.

ಉತ್ತರಕ್ಕೆ ಕೊಲಂಬಿಯಾದಲ್ಲಿ ಇದೇ ಬೆಟ್ಟ ಮೂರು ಬೆರಳಾಗುತ್ತದೆ. ಬೆರಳುಗಳ ಸಂದಿಯಲ್ಲಿ ಕೌಕಾ ಮತ್ತು ಮಗ್ದಲೇನಾ ನದಿಗಳು ಉತ್ತರಕ್ಕೆ ಹರಿಯುತ್ತವೆ.

ಸಮುದ್ರದ ಕಡೆ ಇನ್ನೊಂದು ಕೆಲಸ ಇದೆ. ಪೆಸಿಫಿಕ್ ತಳದ ನಾಸ್ಕಾ ಫಲಕ (ಭೂಮಿಯ ಹೊರಪದರದ ಒಂದು ದೊಡ್ಡ ತುಂಡು) ಖಂಡದ ಅಡಿಗೆ ನುಗ್ಗುತ್ತಿರುವುದರಿಂದಲೇ ಆಂಡಿಸ್ ಎದ್ದು ನಿಂತಿದೆ. 1960ರಲ್ಲಿ ಚಿಲಿಯಲ್ಲಿ ಆದ 9.5 ತೀವ್ರತೆಯ ಭೂಕಂಪ, ಇವತ್ತಿನವರೆಗೆ ಅಳೆದದ್ದರಲ್ಲೇ ದೊಡ್ಡದು, ಈ ತಿಕ್ಕಾಟದಿಂದಲೇ ಆದದ್ದು. ಫಲಕ ಬಗ್ಗುವ ಜಾಗದಲ್ಲಿ ಸುಮಾರು 8,000 ಮೀಟರ್ ಆಳದ ಕಂದಕ ಇದೆ. ನಿಮ್ಮ ಅಳತೆಗೆ ಅದು 21 ಮಿ.ಮೀ. ಆಳ, ಕರಾವಳಿಯಿಂದ ಸುಮಾರು ಎರಡು ಸೆಂ.ಮೀ. ಆಚೆ. ಪ್ಲೈವುಡ್‌ನಲ್ಲಿ ಕೊರೆಯಲು ಆಗುವುದಿಲ್ಲ. ಹೊಸದಾಗಿ ಶುರು ಮಾಡುವವರು ನಕ್ಷೆಯ ಕೆಳಗೆ 25 ಮಿ.ಮೀ. ದಪ್ಪದ ಥರ್ಮಾಕೋಲ್ ಶೀಟ್ ಹಾಕಿಕೊಳ್ಳಿ. ನೀವು ಕಡು ನೀಲಿ ಪಟ್ಟಿ ಬಳಿದರೆ ಸಾಕು, ಆದರೆ ಬಿಡಬೇಡಿ.

ಅಮೆಜಾನ್ ಬಯಲಿಗೆ ನೀವು ಅರ್ಧ ಸೆಂ.ಮೀ. ಮುದ್ದೆ ಹಾಕಿದ್ದೀರಿ. ದಯವಿಟ್ಟು ತೆಗೆದುಬಿಡಿ. ಪೆರುವಿನ ಇಕಿಟೊಸ್ ಊರು ನದಿಯ ದಾರಿಯಲ್ಲಿ ಅಟ್ಲಾಂಟಿಕ್‌ನಿಂದ ಸುಮಾರು 3,700 ಕಿ.ಮೀ. ಒಳಗಿದೆ. ಆದರೂ ಸಮುದ್ರ ಮಟ್ಟದಿಂದ ಬರೀ ನೂರು ಮೀಟರ್ ಚಿಲ್ಲರೆ ಎತ್ತರ. ಸಮುದ್ರದ ಹಡಗುಗಳು ಅಲ್ಲಿಯವರೆಗೆ ಹೋಗುತ್ತವೆ! ನಿಮ್ಮ ಹಲಗೆಯಲ್ಲಿ ಒಂದು ಅಡಿಗೂ ಜಾಸ್ತಿ ದೂರಕ್ಕೆ ಏರುವುದು ಕಾಲು ಮಿ.ಮೀ., ಒಂದು ಡ್ರಾಯಿಂಗ್ ಶೀಟಿನ ದಪ್ಪ. ಒಂದು ಶೀಟ್ ಕತ್ತರಿಸಿ ಅಂಟಿಸಿಬಿಡಿ. ಅಮೆಜಾನ್ ನದಿ ಹುಟ್ಟುವುದು ಪೆಸಿಫಿಕ್‌ನಿಂದ 200 ಕಿ.ಮೀ.ಗೂ ಕಡಿಮೆ ದೂರದಲ್ಲಿ, ಸೇರುವುದು ಅಟ್ಲಾಂಟಿಕ್‌ಗೆ. ಪ್ರಪಂಚದ ಎಲ್ಲ ನದಿಗಳು ಸೇರಿ ಸಮುದ್ರಕ್ಕೆ ತರುವ ನೀರಿನಲ್ಲಿ ಐದನೇ ಒಂದು ಪಾಲು ಇದೊಂದೇ ತರುತ್ತದೆ. ಅದನ್ನು ಸಣ್ಣ ಗೆರೆ ಮಾಡಬೇಡಿ.

ಅಮೆಜಾನ್‌ನ ಉತ್ತರಕ್ಕೆ ಗಯಾನಾದ ಎತ್ತರದ ನಾಡು. ಅಲ್ಲಿ ಬೆಟ್ಟಗಳ ತಲೆ ಚಪ್ಪಟೆ, ಬದಿ ಗೋಡೆಯಷ್ಟು ನೇರ. ಟೆಪುಯಿ ಎನ್ನುತ್ತಾರೆ. ಬಹಳ ಹಳೆಯ ಮರಳುಗಲ್ಲು ಸವೆದು ಉಳಿದ ತುಂಡುಗಳು ಅವು. ರೊರೈಮಾ 2,810 ಮೀಟರ್, ಅಂದರೆ ಏಳೂವರೆ ಮಿ.ಮೀ. ಮುದ್ದೆಯಲ್ಲಿ ಈ ಕಡಿದಾದ ಅಂಚು ನಿಲ್ಲುವುದಿಲ್ಲ, ಎಂ-ಸೀಲ್ ಬಳಸಿ ಬ್ಲೇಡಿನಲ್ಲಿ ಕತ್ತರಿಸಿ. 979 ಮೀಟರ್‌ನ ಏಂಜೆಲ್ ಜಲಪಾತ ಇಂಥದ್ದೇ ಒಂದು ಬೆಟ್ಟದಿಂದ ಬೀಳುತ್ತದೆ. ಒಂದು ಬಿಳಿ ದಾರ ಅಂಟಿಸಿದರೆ ನೋಡುವವರಿಗೆ ಖುಷಿಯಾಗುತ್ತದೆ.

ಒರಿನೊಕೊ ನದಿ ಪಕ್ಕದ ಯಾನೊಸ್, ಅರ್ಜೆಂಟೀನಾದ ಪಂಪಾಸ್ ಎರಡೂ ಹುಲ್ಲಿನ ಬಯಲು. ಅಲ್ಲಿ ಬಣ್ಣದಲ್ಲೇ ಮುಗಿಸಿ. ಪಂಟನಾಲ್ ಜೌಗಿಗೂ ಎತ್ತರ ಬೇಡ.

ಬಣ್ಣದಲ್ಲಿ ಒಂದು ಎಚ್ಚರ. ಸುಮ್ನೆ ಬೆಟ್ಟದ ಪೂರ್ವಕ್ಕೆಲ್ಲ ಹಸಿರು, ಪಶ್ಚಿಮಕ್ಕೆಲ್ಲ ಕಂದು ಬಳಿಯಬೇಡಿ. ಉತ್ತರದ ಅರ್ಧದಲ್ಲಿ ಮಳೆಗಾಳಿ ಪೂರ್ವದಿಂದ ಬರುತ್ತದೆ. ಪೆರು ಮತ್ತು ಉತ್ತರ ಚಿಲಿಯ ಪಶ್ಚಿಮ ಬದಿಗೆ ಆಂಡಿಸ್ ಅಡ್ಡ, ಜೊತೆಗೆ ಕರಾವಳಿಯ ಪಕ್ಕ ತಣ್ಣನೆಯ ಹಂಬೋಲ್ಟ್ ಸಮುದ್ರ ಪ್ರವಾಹ. ಅದಕ್ಕೇ ಅಲ್ಲಿಯ ಅಟಕಾಮಾ ಮರುಭೂಮಿ ಅಷ್ಟು ಒಣ. ದಕ್ಷಿಣದಲ್ಲಿ ಗಾಳಿ ತಿರುವುಮುರುವು, ಪಶ್ಚಿಮದಿಂದ ಬೀಸುತ್ತದೆ. ಅಲ್ಲಿ ಚಿಲಿಯ ಕಡೆ ಕಾಡು ಮತ್ತು ಹಿಮನದಿ, ಬೆಟ್ಟದಾಚೆ ಪಟಗೋನಿಯಾ ಒಣಭೂಮಿ. ಕಂದು ಪಟ್ಟಿ ಅಟಕಾಮಾದಿಂದ ಹೊರಟು ಬೆಟ್ಟವನ್ನು ಓರೆಯಾಗಿ ದಾಟಿ ಪಟಗೋನಿಯಾಕ್ಕೆ ಇಳಿಯಬೇಕು.

ಇವತ್ತೇ ನದಿಗಳನ್ನು ಎಳೆದು ಒಂದು ಫೋಟೊ ಹಾಕಿ. ಆಲ್ಟಿಪ್ಲಾನೊ ಒತ್ತುವ ಮುಂಚೆ ಒಮ್ಮೆ ನೋಡಿ ಹೇಳುತ್ತೇನೆ.