ನಗರ ಬಯೋಸೈನ್ಸ್ ಎಂಜಿನಿಯರಿಂಗ್ ಎಂ.ಎಸ್ಸಿ.ಯಲ್ಲಿ ಏನು ಕಲಿಸುತ್ತಾರೆ? ಬಿ.ಎಸ್ಸಿ. ಕೃಷಿ ಓದಿದವರಿಗೆ ಹೊಂದುತ್ತದೆಯೇ?

ಹೆಸರು ಉದ್ದ, ವಿಷಯ ಮಾತ್ರ ದಿನನಿತ್ಯದ್ದು: ಊರಿನ ಆಹಾರ, ನೀರು, ಕಸ, ಗಿಡಮರ. ಇವನ್ನು ಜೀವಶಾಸ್ತ್ರದ ತಿಳಿವಳಿಕೆ ಮತ್ತು ಎಂಜಿನಿಯರ್‌ನ ಲೆಕ್ಕ ಎರಡರಿಂದಲೂ ನೋಡುವುದು. ಇಂಥ ಓದು ಇರುವ ಬೆಲ್ಜಿಯಂನಲ್ಲಿ 'ಬಯೋ ಎಂಜಿನಿಯರ್' ಎಂಬುದೇ ಹಳೆಯ, ಮರ್ಯಾದೆಯ ಪದವಿ. ಮೂರು ವರ್ಷದ ಬ್ಯಾಚುಲರ್ ಮೇಲೆ ಎರಡು ವರ್ಷದ, 120 ಕ್ರೆಡಿಟ್‌ಗಳ ಮಾಸ್ಟರ್ಸ್.

ಅಲ್ಲಿನ ಗೆಂಟ್ ನಗರದ ಹಳೆಯ ಬಂದರಿನಲ್ಲಿ ಎದ್ದ 'ನ್ಯೂವೆ ಡೊಕ್ಕೆನ್' ಬಡಾವಣೆ ಒಳ್ಳೆಯ ಉದಾಹರಣೆ. ಮನೆಗಳಲ್ಲಿ ನಿರ್ವಾತ (ವ್ಯಾಕ್ಯೂಮ್‌ನಿಂದ ಹೀರುವ) ಶೌಚಾಲಯ, ಹಾಗಾಗಿ ಫ್ಲಶ್‌ಗೆ ತೀರಾ ಕಡಿಮೆ ನೀರು. ಆ ಮಲಿನ ನೀರು ಅಡುಗೆಮನೆಯ ಅರೆದ ಕಸದೊಂದಿಗೆ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತು ಬಯೋಗ್ಯಾಸ್ ಆಗುತ್ತದೆ. ಉಳಿದ ದ್ರವದಿಂದ ರಂಜಕವನ್ನು (ಫಾಸ್ಫರಸ್) ಸ್ಟ್ರೂವೈಟ್ ಎಂಬ ಗೊಬ್ಬರವಾಗಿ ತೆಗೆಯುತ್ತಾರೆ. ಶುದ್ಧಗೊಂಡ ನೀರು ಪಕ್ಕದ ಸಾಬೂನು ಕಾರ್ಖಾನೆಗೆ, ಕಾರ್ಖಾನೆಯ ವ್ಯರ್ಥ ಶಾಖ ಮನೆಗಳಿಗೆ. ಈ ಓದಿನ ಸಾರವೆಲ್ಲ ಆ ಒಂದು ಬಡಾವಣೆಯಲ್ಲಿದೆ ಎನ್ನಬಹುದು.

ನಮ್ಮ ಬೆಳ್ಳಂದೂರು ಕೆರೆಯ ನೊರೆಗೂ ಜೊಂಡಿಗೂ ಕಾರಣ ಇದೇ ರಂಜಕ, ಡಿಟರ್ಜೆಂಟ್, ಸಂಸ್ಕರಿಸದ ಚರಂಡಿ ನೀರು. ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಸಂಸ್ಕರಿತ ಚರಂಡಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧಗೊಳಿಸಬೇಕೇ ಎಂಬ ವಾದ ಬಲ್ಲವರಿಗೆ ಈ ಕ್ಷೇತ್ರದ ಮಹತ್ವ ಹೇಳಬೇಕಿಲ್ಲ.

ಕೃಷಿ ಪದವೀಧರರಿಗೆ ಮಣ್ಣು, ಸಸ್ಯ ಸಲೀಸು. ಕಷ್ಟ ಕೊಡುವುದು ಡಿಫರೆನ್ಶಿಯಲ್ ಸಮೀಕರಣ, ರಿಯಾಕ್ಟರ್ (ಮೇಲೆ ಹೇಳಿದ ಗಾಳಿಯಾಡದ ತೊಟ್ಟಿಯಂಥವು) ವಿನ್ಯಾಸ. ಅರ್ಜಿ ಹಾಕುವ ಮುನ್ನ ನಿಮ್ಮ ಅಂಕಪಟ್ಟಿಯಲ್ಲಿ ಗಣಿತ, ರಸಾಯನಶಾಸ್ತ್ರದ ಕ್ರೆಡಿಟ್ ಎಷ್ಟಿವೆ ಎಂದು ಎಣಿಸಿಕೊಳ್ಳಿ.