ಪ್ರತಿ: ಡಿಗ್ರಿ ಇಲ್ಲದವರು ಮುಖ್ಯಮಂತ್ರಿ ಆಗಬಹುದಾ?

ಗೋಣಿಕೊಪ್ಪದವರೇ, ನಮಸ್ಕಾರ. ಜವಾನನ ಕೆಲಸಕ್ಕೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ, ಮುಖ್ಯಮಂತ್ರಿಗೆ ಯಾಕೆ ಡಿಗ್ರಿ ಬೇಡ ಅಂತ ಕೇಳಿದ್ದೀರಿ.

ಕಾನೂನಿನ ಪ್ರಕಾರ ಬೇಡ. ಸಂವಿಧಾನದ 84 ಮತ್ತು 173ನೇ ವಿಧಿಗಳು ಪೌರತ್ವ, ವಯಸ್ಸು ಕೇಳುತ್ತವೆ. ಲೋಕಸಭೆಗೂ ವಿಧಾನಸಭೆಗೂ 25 ಆಗಿರಬೇಕು. ಓದಿನ ಮಾತೇ ಇಲ್ಲ. ಹರಿಯಾಣದಲ್ಲಿ 2015ರಲ್ಲಿ ಪಂಚಾಯಿತಿಗೆ ನಿಲ್ಲಲು ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೇ ಕ್ಲಾಸ್ ಕಡ್ಡಾಯ ಮಾಡಿದರು, ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ನನಗೇನೋ ಅದು ಸರಿ ಕಾಣಲಿಲ್ಲ. ಶಾಲೆ ಬಿಟ್ಟಿದ್ದು ಎಷ್ಟೋ ಜನರ ತಪ್ಪಲ್ಲ, ಅಲ್ವಾ? ಕಾಮರಾಜ್ ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು. 1954ರಿಂದ 1963ರವರೆಗೆ ಮದ್ರಾಸಿನ ಮುಖ್ಯಮಂತ್ರಿಯಾಗಿ ಶಾಲೆ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ನಮ್ಮ ದೇವೇಗೌಡರದ್ದು ಡಿಪ್ಲೊಮಾ. ಪ್ರಧಾನಿ ಆಗಲಿಲ್ಲವೇ?

ದೊಡ್ಡವರ ಮಾತು ಬಿಡಿ. ನಮ್ಮ ವಾರ್ಡಿನ ಸದಸ್ಯೆ ಓದಿದ್ದು ಏಳನೇ ಕ್ಲಾಸ್. ತೋಡಿನ ಪಕ್ಕ ತಡೆಗೋಡೆ ಕಟ್ಟುವಾಗ ಸೀರೆ ಎತ್ತಿ ಕಟ್ಟಿಕೊಂಡು ಕೆಸರಿಗಿಳಿದರು. ಒಂದು ಕೈಯಲ್ಲಿ ಎಸ್ಟಿಮೇಟ್ ಕಾಪಿ, ಇನ್ನೊಂದರಲ್ಲಿ ಟೇಪು. ಎತ್ತರ ಎರಡಡಿ ಕಮ್ಮಿ! ಬಿಲ್ಲಿಗೆ ಒಪ್ಪಲೇ ಇಲ್ಲ. ಡಿಗ್ರಿ ಇದ್ದ ನಾವು ಮೂವರು ಸುಮ್ನೆ ಕೊಡೆ ಹಿಡಿದು ನಿಂತಿದ್ದೆವು.

ಹಾಗಂತ ಓದು ದಂಡ ಅನ್ನುತ್ತಿಲ್ಲ. ಬಜೆಟ್ ಪುಸ್ತಕ ಓದಲು ಬಂದರೆ ಅಧಿಕಾರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗಿಲ್ಲ. ಆದರೆ ಸುಳ್ಳು ಸರ್ಟಿಫಿಕೇಟಿಗಿಂತ ನೇರವಾಗಿ ‘ನಾನು ಓದಿಲ್ಲ’ ಅನ್ನುವವರೇ ಮೇಲು.

ಅಭ್ಯರ್ಥಿಗಳ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಓದು, ಆಸ್ತಿ, ಕೇಸು ಎಲ್ಲಾ ಅದರಲ್ಲಿರುತ್ತದೆ. ನಾನು ಮೊದಲು ನೋಡುವುದು ಕೇಸಿನ ಪುಟ.